ಐದನೆಯ ದಿನದ ಫೋನು

ನಮ್ಮ ಓಣಿಯಲ್ಲಿ ಬೆಳಗಾಗುವುದಕ್ಕೆ ಒಂದು ಕ್ರಮ ಉಂಟು. ಮೊದಲು ಸುಬ್‌ಹಿಯ ಬಾಂಗ್. ಅದರ ಹಿಂದೆಯೇ ಹಾಲಿನ ಪ್ಯಾಕೆಟ್ ತರುವ ಹುಡುಗನ ಬೈಕಿನ ಸದ್ದು. ಆಮೇಲೆ ಪೇಪರಿನವನು. ಗೇಟಿನ ಮೇಲಿಂದ ಅವನು ಎಸೆಯುವ ಪತ್ರಿಕೆ ಮಳೆಗಾಲದಲ್ಲಿ ನೀರು ನಿಂತ ಜಾಗಕ್ಕೇ ಹೋಗಿ ಬೀಳುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹುಟ್ಟಿದ ಊರು ನಮ್ಮದು. ಆಗಲೂ ಒದ್ದೆ ಪೇಪರನ್ನು ಒಲೆಯ ಪಕ್ಕದಲ್ಲಿಟ್ಟು ಒಣಗಿಸಿ ಓದಿದವರು ಇದ್ದಿರಬೇಕು ಎಂದು ನಾನು ಮನೆಯವರಿಗೆ ತಮಾಷೆ ಮಾಡುವುದುಂಟು.

ಇಷ್ಟೆಲ್ಲಾ ಆಗಿ, ಮಕ್ಕಳು ಶಾಲೆಗೆ ಹೋಗಿ, ಓಣಿ ಸ್ವಲ್ಪ ತಣ್ಣಗಾದ ಮೇಲೆ ಒಂಬತ್ತು ಗಂಟೆಯ ಸುಮಾರಿಗೆ ಒಂದು ಕೂಗು ಬರುತ್ತದೆ. "ಮೀನ್ ಬೋಡಾ?" ಮೀನು ಬೇಕಾ ಎಂದು ತುಳುವಿನಲ್ಲಿ ಕೇಳುವ ಆ ಎರಡು ಶಬ್ದ ಕೇಳಿದ ಮೇಲೆಯೇ ನಮ್ಮ ಓಣಿಯ ಹೆಂಗಸರಿಗೆ ಮಧ್ಯಾಹ್ನದ ಅಡುಗೆ ಏನೆಂದು ತೀರ್ಮಾನವಾಗುವುದು. ಈ ಸಲ ನಾನು ಬರೆಯಬೇಕೆಂದಿರುವುದು ಆ ಕೂಗಿನ ಬಗ್ಗೆ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ ನನ್ನ ಬಾಗಿಲಲ್ಲಿ ಕೇಳದೇ ಹೋಯಿತು. ಅದಕ್ಕೆ ಕಾರಣ ನಾನೇ.

ನಮ್ಮ ಊರಿಗೆ ಇರುವಷ್ಟು ಹೆಸರು ಬೇರೆ ಊರಿಗೆ ಉಂಟೋ ಇಲ್ಲವೋ. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ನಮ್ಮ ಬ್ಯಾರಿ ಭಾಷೆಯಲ್ಲಿ ಮೈಕಾಲ. 2014ರ ನವೆಂಬರ್ 1ರಂದು ಸರಕಾರ ಇಂಗ್ಲಿಷಿನಲ್ಲೂ ಇದನ್ನು ಮಂಗಳೂರು ಎಂದೇ ಬರೆಯಬೇಕೆಂದು ಆದೇಶ ಮಾಡಿತು. ನಾವು ಮಾತ್ರ ಎದುರಿಗೆ ಇರುವವರು ಯಾರೆಂದು ನೋಡಿ ಹೆಸರು ಬದಲಿಸುತ್ತೇವೆ. ಮೀನಿನ ಅಕ್ಕನ ಹತ್ತಿರ ತುಳು, ತರಕಾರಿಯವರ ಹತ್ತಿರ ಕೊಂಕಣಿ ಬೆರೆಸಿದ ಕನ್ನಡ, ಮನೆಯೊಳಗೆ ಬ್ಯಾರಿ. ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಮೊಮ್ಮಗಳು ಒಮ್ಮೆ ರಜೆಗೆ ಬಂದಿದ್ದಾಗ, "ದಾದಿ, ನೀವು ಒಂದು ಗಂಟೆಯಲ್ಲಿ ಎಷ್ಟು ಭಾಷೆ ಮಾತಾಡಿದಿರಿ?" ಎಂದು ಬೆರಳು ಮಡಚಿ ಎಣಿಸಿದ್ದಳು. ಎಣಿಸುವವರೆಗೆ ನನಗೂ ಅದು ಗೊತ್ತಿರಲಿಲ್ಲ.

ನಾವಿರುವುದು ಕುದ್ರೋಳಿಯ ಕಡೆ. ಒಂದು ಬದಿಯಿಂದ ಮಸೀದಿಯ ಬಾಂಗ್, ಇನ್ನೊಂದು ಬದಿಯಿಂದ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥ ದೇವಸ್ಥಾನದ ಗಂಟೆ. ದಸರಾ ಬಂದರೆ ಇಡೀ ರಸ್ತೆಗೆ ದೀಪ. ಹತ್ತಿರದಲ್ಲೇ ಬಂದರು. ಅಲ್ಲಿ ಮೆಣಸು, ಒಣಮೀನು, ಹಗ್ಗ, ಬೆಲ್ಲ ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತದೆ. ಅದರಾಚೆ ಮೀನಿನ ಧಕ್ಕೆ. ಅಲ್ಲಿಂದ ನೋಡಿದರೆ ಹೊಳೆಯ ಆಚೆ ಬದಿಯಲ್ಲಿ ಬೆಂಗರೆಯ ತೆಂಗಿನ ಮರಗಳು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಎರಡೂ ಬಂದು ಅಳಿವೆ ಬಾಗಿಲಲ್ಲಿ ಸಮುದ್ರ ಸೇರುತ್ತವೆ.

ಇಲ್ಲಿ ಮದುವೆಯಾಗಿ ಬಂದ ಹೊಸತರಲ್ಲಿ ಬಸ್ಸಿನ ಬೋರ್ಡಿನಲ್ಲಿ 'ಸ್ಟೇಟ್‌ಬ್ಯಾಂಕ್' ಎಂದು ಬರೆದಿದ್ದನ್ನು ಕಂಡು, ಈ ಊರಿನವರೆಲ್ಲಾ ದಿನಾ ಬ್ಯಾಂಕಿಗೆ ಹೋಗುತ್ತಾರಾ ಎಂದು ಕೇಳಿ ನಾದಿನಿಯರ ನಗೆಗೆ ಗುರಿಯಾಗಿದ್ದೆ. ಅದು ಬಸ್ ನಿಲ್ದಾಣದ ಹೆಸರು ಎಂದು ತಿಳಿಯಲು ಎರಡು ದಿನ ಹಿಡಿಯಿತು. ಕಂಡಕ್ಟರನ "ರೈಟ್, ಪೋಯಿ!" ಎಂಬ ಕೂಗಿಗೆ ಹೆದರದೆ ಬಸ್ಸು ಹತ್ತಲು ಇನ್ನೂ ಸ್ವಲ್ಪ ದಿನ ಬೇಕಾಯಿತು.

ಈ ಊರಿನಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಎಂದರೆ ಬಾಗಿಲಿಗೆ ಬರುವವರು. ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ತಡ್ಪೆ ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುತ್ತಾ ಕುಳಿತ ಅವರ ಚಿತ್ರವೇ ನನ್ನ ಬಾಲ್ಯ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬ್ರಾಂಚಿನಲ್ಲಿ ಚೆಕ್ಕರ್ ಸರಿಯಿಲ್ಲ ಎಂದು ತೆಗೆದು ಹಾಕಿದ ಬೀಡಿಯ ದುಡ್ಡು ಹೋಯಿತೆಂದೇ ಲೆಕ್ಕ. ಬೀಡಿ ಸೇದುವವರ ಎದೆಗೂ ಕಟ್ಟುವವರ ಎದೆಗೂ ಒಳ್ಳೆಯದಲ್ಲ ಎಂದು ಈಗ ನಮಗೆಲ್ಲಾ ಗೊತ್ತು. ಆದರೆ ನನ್ನ ಶಾಲೆಯ ಫೀಸು ಆ ತಡ್ಪೆಯಿಂದಲೇ ಬಂದದ್ದು ಎಂಬುದನ್ನು ಮರೆಯಲಾರೆ.

ಉಮ್ಮ ಮನೆಯಿಂದ ಹೊರಗೆ ಹೋಗುತ್ತಿದ್ದುದು ಕಡಿಮೆ. ಊರೇ ಅವರ ಬಾಗಿಲಿಗೆ ಬರುತ್ತಿತ್ತು. ಬಳೆಯವರು, ಹಂಚು ಸರಿಮಾಡುವವರು, ಹಾಸಿಗೆಯ ಹತ್ತಿ ಎಕ್ಕುವವರು, ಹಲಸಿನ ಹಪ್ಪಳ ಮಾರುವ ಅಮ್ಮ, ಮೀನಿನವರು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಕಾಯಿಲೆ, ಯಾವ ಅಂಗಡಿಯಲ್ಲಿ ಅಕ್ಕಿ ಚೆನ್ನಾಗಿದೆ ಎಂದು ಬೀಡಿಯ ಎಲೆಯಿಂದ ಕಣ್ಣೆತ್ತದೆ ಉಮ್ಮ ತಿಳಿದುಕೊಳ್ಳುತ್ತಿದ್ದರು. ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರಾದರೂ ಕೊಡದೆ ಕಳಿಸಬಾರದು ಎಂಬುದು ಅವರ ಕಾನೂನು.

ನನ್ನ ಬಾಗಿಲಿಗೆ ಮೀನಿನ ಅಕ್ಕ ಬರಲು ಶುರುವಾದದ್ದು 2003ರಲ್ಲಿ. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ನಾವು ಲೆಕ್ಕ ಹಾಕಲಿಲ್ಲ. ಮುಂಜಾನೆ ಕತ್ತಲಿರುವಾಗಲೇ ಧಕ್ಕೆಯಲ್ಲಿ ಏಲಂ ನಿಂತು, ಮೀನು ಹಿಡಿದು, ಬುಟ್ಟಿಗೆ ಮಂಜುಗಡ್ಡೆ ಹಾಕಿ, ತಲೆಯ ಮೇಲಿಟ್ಟುಕೊಂಡು ಓಣಿ ಓಣಿ ತಿರುಗುವುದು ಅವರ ಕೆಲಸ. ಬಿದಿರಿನ ಬುಟ್ಟಿ ಹೋಗಿ ಅಲ್ಯುಮಿನಿಯಂ ಪಾತ್ರೆ ಬಂತು, ಅದೂ ಹೋಗಿ ಪ್ಲಾಸ್ಟಿಕ್ ಟಬ್ ಬಂತು. ತಲೆ ಮಾತ್ರ ಅದೇ.

ಮೀನು ನೋಡುವುದನ್ನು ನನಗೆ ಕಲಿಸಿದವರು ಅವರೇ. ಕಿವಿರು ಎತ್ತಿ ನೋಡಬೇಕು, ಕೆಂಪಗಿರಬೇಕು. ಕಣ್ಣು ಒಳಗೆ ಹೋಗಿರಬಾರದು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲಬಾರದು. "ಇವತ್ತು ಬಂಗುಡೆ ಬೇಡ ಅಕ್ಕ, ನಿನ್ನೆಯದ್ದು" ಎಂದು ತನ್ನ ಬುಟ್ಟಿಯ ಮೀನನ್ನು ತಾನೇ ಬೇಡವೆಂದು ಹೇಳಿದ ದಿನಗಳುಂಟು. ಅಂಥ ವ್ಯಾಪಾರಿಯನ್ನು ಯಾವ ಅಂಗಡಿಯಲ್ಲಿ ಹುಡುಕಲಿ?

ನಮ್ಮ ಮಾವ ತೀರಿಹೋದ ದಿನ ಬುಟ್ಟಿಯನ್ನು ಗೇಟಿನ ಹೊರಗೇ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಬಂದು ಹೆಂಗಸರ ನಡುವೆ ಸುಮ್ಮನೆ ಕುಳಿತಿದ್ದರು. ನನ್ನ ಸೊಸೆ ಬಾಣಂತಿಯಾಗಿದ್ದಾಗ ತಾಟೆ ಮೀನು ಸಿಕ್ಕಿದರೆ ಬೇರೆ ಯಾರಿಗೂ ಕೊಡದೆ ನಮಗೆ ತಂದರು. ಹಾಲೂಡುವ ತಾಯಿಗೆ ಅದು ಒಳ್ಳೆಯದೆಂದು ನಮ್ಮ ಕಡೆಯ ನಂಬಿಕೆ. ಪೆರ್ನಾಲಿಗೆ ನಮ್ಮ ಮನೆಯಿಂದ ಅವರಿಗೆ ಒಂದು ಡಬ್ಬಿ ಬಿರಿಯಾನಿ ಹೋಗುತ್ತಿತ್ತು. ಅಷ್ಟಮಿಗೆ ಅವರ ಮನೆಯ ಮೂಡೆ ಬರುತ್ತಿತ್ತು.

ಇಷ್ಟು ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಫೋನಿನಲ್ಲಿ ಅವರ ನಂಬರು ಇತ್ತು. ಅದನ್ನು ನಾನು ಇಟ್ಟುಕೊಂಡದ್ದು 'ಮೀನು' ಎಂಬ ಹೆಸರಿನಲ್ಲಿ. ಅವರಿಗೆ ನಮ್ಮ ಮನೆಯ ಎಲ್ಲರ ಹೆಸರು ಗೊತ್ತಿತ್ತು, ನನ್ನ ಮಗ ಯಾವ ಕಂಪೆನಿಯಲ್ಲಿದ್ದಾನೆ, ಸೊಸೆಯ ತವರು ಯಾವುದು ಎಂದು ಗೊತ್ತಿತ್ತು. ನನಗೆ ಅವರ ಮನೆ ಎಲ್ಲಿ ಎಂದೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕೇಳಿರಲಿಲ್ಲ.

2025ರ ಏಪ್ರಿಲ್ ಕೊನೆಯ ವಾರದಿಂದ ಮೇ ಕೊನೆಯ ವಾರದೊಳಗೆ ನಮ್ಮ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಕೊಲೆಗಳಾದವು. ನೀವೆಲ್ಲಾ ಓದಿದ್ದೀರಿ, ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಸತ್ತವರಲ್ಲಿ ಎರಡೂ ಸಮುದಾಯದವರಿದ್ದರು. ಮೇ ತಿಂಗಳ ಆರಂಭದಲ್ಲಿ ಬಂದ್, ನಿಷೇಧಾಜ್ಞೆ. ಅಂಗಡಿಗಳು ಅರ್ಧ ಬಾಗಿಲು ಹಾಕಿದವು. ಬಸ್ಸು ಸಿಗಲಿಲ್ಲ. ಫೋನಿನಲ್ಲಿ ಬರುವ ಮೆಸೇಜುಗಳಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆ ದಿನಗಳಲ್ಲಿ ರಾತ್ರಿ ಮನೆಯವರು ಬರುವುದು ಹತ್ತು ನಿಮಿಷ ತಡವಾದರೂ ನಾನು ಗೇಟಿನಲ್ಲಿ ನಿಂತಿರುತ್ತಿದ್ದೆ.

ಆ ವಾರ ಒಂದು ಬೆಳಿಗ್ಗೆ ಅಕ್ಕ ಎಂದಿನಂತೆ ಬಂದರು. ಓಣಿಯಲ್ಲಿ ಜನವಿರಲಿಲ್ಲ. ಅವರು ಬುಟ್ಟಿ ಇಳಿಸುವ ಮೊದಲೇ ನಾನು ಬಾಗಿಲಿಗೆ ಬಂದು ಹೇಳಿದೆ: "ಅಕ್ಕ, ನಾಲ್ಕು ದಿನ ಈ ಕಡೆ ಬರಬೇಡಿ."

ಅವರಿಗೆ ಏನಾದರೂ ಆದರೆ ಎಂಬ ಹೆದರಿಕೆ ನನಗಿತ್ತು, ಅದು ಸುಳ್ಳಲ್ಲ. ಆದರೆ ಅಷ್ಟೇ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವರಿಗೆ ನಮ್ಮ ಓಣಿಯಲ್ಲಿ ಯಾರಾದರೂ ಒಂದು ಮಾತು ಅಂದರೆ ಅದು ನಮ್ಮ ತಲೆಗೆ ಬರುತ್ತದೆ ಎಂಬ ಯೋಚನೆಯೂ ಇತ್ತು. ಅವರಿಗಿಂತ ಹೆಚ್ಚಾಗಿ ನನ್ನನ್ನು ನಾನು ಕಾಪಾಡಿಕೊಳ್ಳುತ್ತಿದ್ದೆ.

ಅಕ್ಕ ಏನೂ ಕೇಳಲಿಲ್ಲ. "ಆಯ್ತಕ್ಕ" ಎಂದು ಬುಟ್ಟಿ ಹೊತ್ತುಕೊಂಡೇ ತಿರುಗಿದರು. ಅವತ್ತು ಒಂದು ಲೋಟ ನೀರೂ ಕೊಡಲಿಲ್ಲ ಎಂಬುದು ನನಗೆ ನೆನಪಾದದ್ದು ರಾತ್ರಿ.

ನಾಲ್ಕು ದಿನ ಕಳೆಯಿತು. ಅಂಗಡಿಗಳು ತೆರೆದವು, ಬಸ್ಸುಗಳು ಓಡಿದವು. ಅಕ್ಕ ಬರಲಿಲ್ಲ. ಇವತ್ತು ಬಂದಾರು, ನಾಳೆ ಬಂದಾರು ಎಂದುಕೊಂಡೆ. ಮೇ ಕೊನೆಗೆ ಮತ್ತೆ ಕೆಟ್ಟ ಸುದ್ದಿ, ಮತ್ತೆ ನಿಷೇಧಾಜ್ಞೆ. ಅಷ್ಟರಲ್ಲಿ ಜೂನ್ 1 ಬಂತು. ಮೀನು ಮೊಟ್ಟೆಯಿಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿಹಾಕಿಕೊಂಡು ನಿಲ್ಲುತ್ತವೆ. ನನಗೆ ಒಂದು ನೆಪ ಸಿಕ್ಕಿತು. ಮೀನಿಲ್ಲ, ಅದಕ್ಕೆ ಬರುತ್ತಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಬೇರೆ ವರ್ಷಗಳಲ್ಲಿ ಆ ಎರಡು ತಿಂಗಳೂ ಅವರು ಬಿಟ್ಟವರಲ್ಲ. ಒಣಸಿಗಡಿ ತರುತ್ತಿದ್ದರು, ಹೊಳೆಯ ಮರುವಾಯಿ ತರುತ್ತಿದ್ದರು, ನಾಡದೋಣಿಯವರು ಹಿಡಿದ ನಾಲ್ಕು ಮೀನಾದರೂ ಇರುತ್ತಿತ್ತು. ಏನೂ ಇಲ್ಲದ ದಿನ ಬರೀ ಕೈಯಲ್ಲಿ ಬಂದು, ಜಗಲಿಯಲ್ಲಿ ಕುಳಿತು, ಚಹಾ ಕುಡಿದು ಹೋದದ್ದೂ ಉಂಟು.

ಸೊಸೆ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಮೀನು ಕತ್ತರಿಸಿ, ತೊಳೆದು, ಪ್ಯಾಕ್ ಮಾಡಿ ಮನೆಗೇ ಬರುತ್ತದೆ. ಬರುವ ಹುಡುಗ ಹೆಲ್ಮೆಟ್ ತೆಗೆಯುವುದಿಲ್ಲ, ನೀರು ಬೇಕಾ ಎಂದರೆ ಕೈ ಆಡಿಸಿ ಹೋಗುತ್ತಾನೆ. ಪಾಪ, ಅವನಿಗೂ ಗಂಟೆಯ ಲೆಕ್ಕ. ಕತ್ತರಿಸಿ ಬಂದ ಮೀನಿನಲ್ಲಿ ಕಿವಿರು ನೋಡುವುದು ಹೇಗೆ?

ಮಗ ಬೆಂಗಳೂರಿನಿಂದ ದಿನಾ ಫೋನು. "ಉಮ್ಮಾ, ಸಾಕು ಅಲ್ಲಿ. ಮನೆ ಮಾರಿ ಇಲ್ಲಿಗೆ ಬಂದುಬಿಡಿ. ದಿನಾ ಸುದ್ದಿ ನೋಡಿ ನನಗೆ ನಿದ್ದೆ ಬರುವುದಿಲ್ಲ." ಅವನು ಹೇಳುವುದರಲ್ಲಿ ತಪ್ಪಿಲ್ಲ. ಮನೆಯವರೂ "ಯೋಚನೆ ಮಾಡುವ" ಎಂದರು. ಒಂದು ದಿನ ಬ್ರೋಕರ್ ಒಬ್ಬರು ಬಂದು ಹಂಚಿನ ಮಾಡನ್ನೂ ಹಿತ್ತಲಿನ ಹಲಸಿನ ಮರವನ್ನೂ ನೋಡಿ, ಜಾಗದ ಸೆಂಟ್ಸ್ ಮಾತ್ರ ಬರೆದುಕೊಂಡು ಹೋದರು.

ಅದೇ ಜುಲೈಯಲ್ಲಿ ಆಸ್ಪತ್ರೆಯಲ್ಲಿದ್ದ ನನ್ನ ಚಿಕ್ಕಮ್ಮನನ್ನು ನೋಡಲು ಕಂಕನಾಡಿಗೆ ಹೋಗಬೇಕಿತ್ತು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಊರಿನೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಾದ್ದರಿಂದ ನಾವು ದುಡ್ಡು ಕೊಟ್ಟೇ ಹೋಗಬೇಕು. ಅದೊಂದು ಬೇರೆ ದುಃಖ. ಬಸ್ಸು ತುಂಬಿತ್ತು. ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದರಲ್ಲಿ ಗಂಜಿಯ ಫ್ಲಾಸ್ಕು, ಹೆಗಲಿಗೆ ಬಟ್ಟೆಯ ಚೀಲ. ಕಂಬಿ ಹಿಡಿಯಲು ಮೂರನೆಯ ಕೈಯಿಲ್ಲ.

ನಮ್ಮ ಬಸ್ಸುಗಳಲ್ಲಿ ಒಂದು ರೂಢಿ ಉಂಟು, ನಿಮಗೆಲ್ಲಾ ಗೊತ್ತು. ಕುಳಿತವರು ನಿಂತವರ ಚೀಲ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಮಗುವಿದ್ದರೆ ಮಗುವನ್ನೂ. ಯಾರು ಏನು ಎಂದು ಕೇಳುವುದಿಲ್ಲ. ಆದರೆ ಅವತ್ತು ನಾನು ಯಾರ ಕಡೆಗೂ ನೋಡಲಿಲ್ಲ. ಬುರ್ಖಾ ಹಾಕಿಕೊಂಡು ನಿಂತ ನಾನು ಚೀಲ ನೀಡಿದರೆ ಎದುರಿನವರು ಮುಖ ತಿರುಗಿಸಿಯಾರೋ ಎಂದು ಮನಸ್ಸು ಅಳುಕಿತು. ಆ ಎರಡು ತಿಂಗಳು ನನ್ನಲ್ಲಿ ಅಷ್ಟು ಬದಲಾವಣೆ ಮಾಡಿತ್ತು.

ಹಣೆಗೆ ಕುಂಕುಮವಿಟ್ಟ ಒಬ್ಬಳು ಕಾಲೇಜು ಹುಡುಗಿ ಕಿಟಕಿಯ ಪಕ್ಕ ಕುಳಿತಿದ್ದಳು. ಫೋನಿನಿಂದ ತಲೆ ಎತ್ತಿ, "ಕೊಡಿ ಆಂಟಿ" ಎಂದು ಕೈಚಾಚಿ ಚೀಲವನ್ನೂ ಫ್ಲಾಸ್ಕನ್ನೂ ತೆಗೆದುಕೊಂಡು ಮತ್ತೆ ಫೋನು ನೋಡತೊಡಗಿದಳು. ಕಂಕನಾಡಿಯಲ್ಲಿ ಇಳಿಯುವಾಗ ಹಿಂದಿರುಗಿಸುತ್ತಾ, "ಫ್ಲಾಸ್ಕ್ ನೆಟ್ಟಗೇ ಹಿಡಿದಿದ್ದೇನೆ, ಚೆಲ್ಲಲಿಲ್ಲ" ಎಂದಳು. ಅಷ್ಟೇ. ಅವಳಿಗೆ ಅದು ಏನೂ ಅಲ್ಲ. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವವರೆಗೂ ಅದನ್ನೇ ಯೋಚಿಸುತ್ತಿದ್ದೆ. ಗುರುತಿಲ್ಲದ ಹುಡುಗಿ ನನ್ನ ಚೀಲ ಹೊತ್ತಳು. ಇಪ್ಪತ್ತೆರಡು ವರ್ಷ ನನ್ನ ಬಾಗಿಲಿಗೆ ಮೀನು ಹೊತ್ತು ತಂದವರಿಗೆ ನಾನು ಒಂದು ಫೋನು ಮಾಡಲಿಲ್ಲ.

ಅವತ್ತು ಸಂಜೆ ಫೋನು ಮಾಡಿದೆ. ಸ್ವಿಚ್ ಆಫ್. ಮರುದಿನವೂ ಅದೇ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು. ತಿಂಗಳ ನಡುವಿನಲ್ಲಿ ಒಂದು ಬೆಳಿಗ್ಗೆ, ಸುಬ್‌ಹಿ ನಮಾಝ್ ಮುಗಿಸಿ, ಮನೆಯವರನ್ನು ಜೊತೆ ಮಾಡಿಕೊಂಡು ಧಕ್ಕೆಗೆ ಹೋದೆ. ಇಷ್ಟು ವರ್ಷ ಹತ್ತಿರವೇ ಇದ್ದೂ ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಏನು ಗದ್ದಲ! ಬೋಟಿನಿಂದ ಬುಟ್ಟಿಗಳು ಇಳಿಯುತ್ತಿದ್ದವು, ಮಂಜುಗಡ್ಡೆ ಒಡೆಯುವ ಸದ್ದು, ಏಲಂ ಕೂಗುವವರು, ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿದ ಹೆಂಗಸರು. ಕಾಲಡಿಯೆಲ್ಲಾ ಮೀನಿನ ನೀರು. ಮನೆಯವರು "ಜಾರ್ತದೆ, ನೋಡಿ ಕಾಲಿಡು" ಎನ್ನುತ್ತಾ ಹಿಂದೆ ಬಂದರು. ಇಷ್ಟು ಹೆಂಗಸರಲ್ಲಿ ಯಾರನ್ನು ಕೇಳುವುದು? ಹೆಸರೇ ಗೊತ್ತಿಲ್ಲದವರನ್ನು ಏನೆಂದು ಕೇಳುವುದು? "ಕುದ್ರೋಳಿಗೆ ಬರುವ ಅಕ್ಕ" ಎಂದು ಮೂವರ ಹತ್ತಿರ ಕೇಳಿದೆ. ಮೂರನೆಯವರು ಕೈ ತೋರಿಸಿದರು.

ಅಕ್ಕ ಬೂತಾಯಿ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಸ್ವಲ್ಪ ಬಡವಾಗಿದ್ದರು. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತುಗಳೆಲ್ಲಾ ಮರೆತುಹೋಗಿ, "ಯಾಕೆ ಅಕ್ಕ ಬರಲಿಲ್ಲ?" ಎಂದು ಅವರನ್ನೇ ಕೇಳಿಬಿಟ್ಟೆ.

"ನೀವು ಬರಬೇಡಿ ಅಂದ್ರಿ. ಬನ್ನಿ ಅಂತ ಹೇಳಲಿಲ್ಲ."

"ನಾಲ್ಕು ದಿನ ಅಂತ ಅಂದದ್ದು."

"ಹೌದು. ಐದನೇ ದಿವಸ ನೀವೊಂದು ಫೋನು ಮಾಡ್ತೀರಿ ಅಂತ ಕಾದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಬೂತಾಯಿ ನೂರಕ್ಕೆ ಎಷ್ಟು ಎಂದು ಹೇಳುವ ಹಾಗೆಯೇ ಹೇಳಿದರು. ನನಗೆ ಉತ್ತರವಿರಲಿಲ್ಲ. "ತಪ್ಪಾಯ್ತಕ್ಕ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮದು ಮಾತ್ರ ಅಲ್ಲ" ಎಂದರು. "ನನ್ನ ಮಗನೂ ಹೇಳಿದ, ಆ ಓಣಿಗೆ ಹೋಗ್ಬೇಡ ಅಂತ. ನಾನು ಆಯ್ತು ಅಂದೆ. ಇಪ್ಪತ್ತು ವರ್ಷದಿಂದ ಹೋಗ್ತಿದ್ದೇನೆ, ನನಗೆ ಅಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ ಅಂತ ಅವನಿಗೆ ಹೇಳ್ಬಹುದಿತ್ತು. ಹೇಳಲಿಲ್ಲ. ನಿಮಗೂ ಹೆದರಿಕೆ, ನಮಗೂ ಹೆದರಿಕೆ." ಮಳೆಗೆ ಫೋನು ಹಾಳಾಗಿ ಹೊಸ ನಂಬರು ತೆಗೆದುಕೊಂಡಿದ್ದರಂತೆ. ಆ ಮೂರು ತಿಂಗಳಲ್ಲಿ ಎರಡು ಓಣಿಗಳ ವ್ಯಾಪಾರ ಹೋಗಿತ್ತು. ಮೊದಲು ಸೆಂಟ್ರಲ್ ಮಾರುಕಟ್ಟೆಯ ಕಡೆ ಕುಳಿತು ಮಾರಬಹುದಿತ್ತು. 2020ರ ಕೊರೋನ ಕಾಲದಲ್ಲಿ ಅದು ಮುಚ್ಚಿದ ಮೇಲೆ ಮನೆ ಬಾಗಿಲಿನ ವ್ಯಾಪಾರವೇ ಅವರಿಗೆ ಗತಿ. ನಾನು 'ನಾಲ್ಕು ದಿನ' ಎಂದು ಸುಲಭವಾಗಿ ಹೇಳಿದ್ದು ಅವರ ಲೆಕ್ಕದಲ್ಲಿ ನಾಲ್ಕು ದಿನದ ಕೂಲಿ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹೊಸ ನಂಬರು ಬರೆದುಕೊಳ್ಳುವಾಗ, "ಹೆಸರು ಏನಕ್ಕ?" ಎಂದು ಕೇಳಿದೆ. ಅವರು ನಗೆ ತಡೆಯಲಾರದೆ ಪಕ್ಕದವರ ಕಡೆ ತಿರುಗಿ, "ಇವರು ಈಗ ಹೆಸರು ಕೇಳ್ತಾರೆ" ಎಂದರು. ಸುತ್ತಲಿದ್ದ ಹೆಂಗಸರೆಲ್ಲಾ ನಕ್ಕರು. ನಾನೂ ನಕ್ಕೆ. ಮುಖ ಬಿಸಿಯಾಗಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಫೋನಿನಲ್ಲಿ ಉಂಟು.

ಎರಡು ದಿನ ಬಿಟ್ಟು ಒಂಬತ್ತು ಗಂಟೆಗೆ ಕೂಗು ಕೇಳಿತು. "ಮೀನ್ ಬೋಡಾ?" ಒಳಗೆ ಬನ್ನಿ ಎಂದು ಕರೆದೆ. "ಬೇಡಕ್ಕ, ಮೀನಿನ ನೀರು ಒಳಗೆಲ್ಲಾ ಬೀಳ್ತದೆ" ಎಂದು ಎಂದಿನಂತೆ ಜಗಲಿಯಲ್ಲೇ ಕುಳಿತರು. ಇಷ್ಟು ವರ್ಷ ಅವರು ಜಗಲಿಯಲ್ಲಿ, ನಾನು ಹೊಸ್ತಿಲ ಒಳಗೆ. ಅವತ್ತು ನಾನೂ ಹೋಗಿ ಜಗಲಿಯಲ್ಲಿ ಕುಳಿತೆ. ಇಬ್ಬರೂ ಚಹಾ ಕುಡಿದೆವು. ಓಣಿಯ ಒಂದೆರಡು ಮನೆಯವರು ಈಗಲೂ ಅವರನ್ನು ಕರೆಯುವುದಿಲ್ಲ. ಅವರ ಕಡೆಯಲ್ಲೂ ಅವರು ಇಲ್ಲಿಗೆ ಬರುವುದನ್ನು ಮೆಚ್ಚದವರಿದ್ದಾರೆ ಎಂದು ಅವರ ಮಾತಿನಿಂದ ತಿಳಿಯುತ್ತದೆ. ಎಲ್ಲಾ ಸರಿಹೋಯಿತು ಎಂದು ಬರೆದು ನಿಮ್ಮನ್ನು ಸಂತೋಷಪಡಿಸಲಾರೆ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನಾನು ಅವರ ಮನೆಗೆ ಹೋದೆ. ಅವರಿರುವುದು ಹೊಳೆಯ ಆಚೆ, ಬೆಂಗರೆಯಲ್ಲಿ. ರಸ್ತೆಯಲ್ಲಿ ಹೋದರೆ ಕೂಳೂರು, ತಣ್ಣೀರುಬಾವಿ ಎಂದು ದೊಡ್ಡ ಸುತ್ತು. ಬಂದರಿನಿಂದ ದೋಣಿಯಲ್ಲಿ ಹೋದರೆ ಸ್ವಲ್ಪ ಹೊತ್ತಿನ ದಾರಿ. ಇಪ್ಪತ್ತೆರಡು ವರ್ಷ ಕತ್ತಲಲ್ಲೇ ಎದ್ದು ಆ ಹೊಳೆ ದಾಟಿ ಅವರು ನನ್ನ ಬಾಗಿಲಿಗೆ ಬಂದಿದ್ದರು. ದೋಣಿಯಲ್ಲಿ ಶಾಲೆಯ ಮಕ್ಕಳು, ಸೈಕಲ್ಲು, ಅಕ್ಕಿಯ ಚೀಲ, ತಟ್ಟಿರಾಯಿ ತೊಟ್ಟ ನಮ್ಮವರ ಹೆಂಗಸರು, ಹೂ ಮುಡಿದ ಹೆಂಗಸರು, ಎಲ್ಲರೂ ಒತ್ತೊತ್ತಾಗಿ ಕುಳಿತಿದ್ದರು. ಬೆಂಗರೆಯಲ್ಲಿ ನಮ್ಮವರೂ ಇದ್ದಾರೆ, ಮೊಗವೀರರೂ ಇದ್ದಾರೆ. ದೋಣಿ ಎಲ್ಲರಿಗೂ ಒಂದೇ.

ನಡುಹೊಳೆಯಲ್ಲಿ ತಿರುಗಿ ನೋಡಿದೆ. ಬಂದರಿನ ಹಳೆಯ ಗೋದಾಮುಗಳ ಹಂಚಿನ ಮಾಡುಗಳು, ಅವುಗಳ ಹಿಂದೆ ಮಸೀದಿಯ ಮಿನಾರ, ತೆಂಗಿನ ಮರಗಳು, ಎಲ್ಲಕ್ಕಿಂತ ಎತ್ತರಕ್ಕೆ ಹೊಸ ಫ್ಲ್ಯಾಟುಗಳು. ನನ್ನ ಊರನ್ನು ಹೊಳೆಯಿಂದ ನಾನು ನೋಡಿದ್ದು ಅದೇ ಮೊದಲು. ಅಕ್ಕನ ಮನೆಯಲ್ಲಿ ಅವರ ಸೊಸೆ ನನಗೆ ಕುರ್ಚಿ ಹಾಕಿ, ಸೀಯಾಳ ಕೊಟ್ಟಳು. ಅವರ ಮಗ ಮೊದಲು ಮಾತಾಡಲಿಲ್ಲ. ಹೊರಡುವಾಗ, "ದೋಣಿವರೆಗೆ ಬರ್ತೇನೆ, ದಾರಿಯಲ್ಲಿ ನಾಯಿಗಳಿವೆ" ಎಂದು ಜೊತೆಗೆ ಬಂದ.

ಮನೆ ಮಾರುವ ಮಾತು ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಮಗನ ಹೆದರಿಕೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಈ ಊರಿನಲ್ಲಿ ಮುಂದೆ ಏನಾಗುತ್ತದೆ ಎಂದು ಹೇಳುವ ಶಕ್ತಿ ನನಗಿಲ್ಲ. ಕಲ್ಲು ಎಸೆಯುವವರ ಕೈ ಹಿಡಿಯುವುದೂ ನಮ್ಮಂಥ ಹೆಂಗಸರ ಕೈಯಲ್ಲಿಲ್ಲ. ಆದರೆ ಬಾಗಿಲು ನಮ್ಮ ಕೈಯಲ್ಲಿದೆ. ನೆರೆಯವರ ಹಕ್ಕನ್ನು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ, ಮನೆಯಲ್ಲೂ ಹೇಳಿಕೊಡುತ್ತೇವೆ. ಹೆದರಿಕೆಯ ದಿನಗಳಲ್ಲಿ ಬಾಗಿಲು ಹಾಕಬೇಕಾಗಿ ಬರಬಹುದು. ಹಾಕಿದ ಬಾಗಿಲನ್ನು ಯಾವಾಗ ತೆರೆಯುತ್ತೇವೆ ಎಂದು ಹೊರಗಿದ್ದವರಿಗೆ ನಾವೇ ಹೇಳಬೇಕು. ಅವರಾಗಿ ಬಂದು ತಟ್ಟಲಿ ಎಂದು ಕಾದರೆ ಅವರೂ ನಾವು ಕರೆಯಲಿ ಎಂದು ಕಾಯುತ್ತಿರುತ್ತಾರೆ.

ಸೋದರಿಯರೇ, ನಿಮ್ಮ ಬಾಗಿಲಿಗೂ ಯಾರೋ ಬರುತ್ತಿದ್ದಿರಬಹುದು. ಹಾಲಿನವರು, ಹೂವಿನವರು, ಬಟ್ಟೆ ಹೊಲಿಯುವವರು. ಇತ್ತೀಚೆಗೆ ಬರುವುದು ನಿಂತಿದ್ದರೆ, ಯಾಕೆ ನಿಂತಿತೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಫೋನಿನಲ್ಲಿ ಅವರ ನಂಬರು ಯಾವ ಹೆಸರಿನಲ್ಲಿದೆ ಎಂದೂ ನೋಡಿ.

ನನಗೆ ಇಲ್ಲಿಗೆ ನಿಲ್ಲಿಸಬೇಕು. ಹೊರಗೆ ಕೂಗು ಕೇಳುತ್ತಿದೆ. ಇವತ್ತು ಬಂಗುಡೆ ಇರಬೇಕು, ಬೆಕ್ಕು ಆಗಲೇ ಗೇಟಿಗೆ ಹೋಗಿಯಾಯಿತು.